ಯುದ್ಧಕ್ಕೆ ಕೈಯೆತ್ತಿದವರು ಯಾರು?

ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳು ಊರೂರಿಗೆ ಬರುತ್ತಾರೆ. ಕೊಪ್ಪಳದಲ್ಲಿ ಜನ ಅವರನ್ನು ಕುಡಿಯುವ ನೀರಿನ ಬಗೆಗೆ ಕೇಳುತ್ತಾರೆ. ಗಂಗಾವತಿಯ ಭತ್ತದ ಬಯಲಿನಲ್ಲಿ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದೆಂದು ಎಂದು ಕೇಳುತ್ತಾರೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಸೀಮೆಯಲ್ಲಿ ಕೆರೆ ತುಂಬಿಸುವ ಮಾತು, ಗುಳೆ ಹೋಗುವವರ ಮಾತು ಬರುತ್ತದೆ. ಇವೆಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಲೋಕಸಭೆಗೆ ನಿಂತವರನ್ನು ಕುರಿತು ಕೇಳಬೇಕಾದ ಇನ್ನೊಂದು ಪ್ರಶ್ನೆ ನಾನು ಕೂತು ಕೇಳಿದ ಸಭೆಗಳಲ್ಲಿ ಎಂದೂ ಎದ್ದುದಿಲ್ಲ. “ದೇಶ ಯುದ್ಧದ ಅಂಚಿನಲ್ಲಿ ನಿಂತಾಗ ನೀವು ಯಾವ ಕಡೆಗೆ ಕೈಯೆತ್ತಿದಿರಿ? ಏಕೆ ಎತ್ತಿದಿರಿ?” ಈ ಹೊತ್ತಿನ ನನ್ನ ಮಾತು ಆ ಪ್ರಶ್ನೆಯನ್ನು ಕುರಿತದ್ದು. ಅದನ್ನು ನಾವು ಕೇಳುವುದಿಲ್ಲವೇಕೆ, ಕೇಳಿದರೆ ಉತ್ತರ ಸಿಗುತ್ತದೆಯೇ, ಸಿಕ್ಕ ಉತ್ತರವನ್ನು ತೂಗುವ ತಕ್ಕಡಿ ಯಾವುದು ಎಂಬುದನ್ನು ವಿಚಾರಿಸಿ ನೋಡೋಣ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಅಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ವರಿಷ್ಠರು ಕೋಣೆಯೊಳಗೆ ಕುಳಿತು ತೀರ್ಮಾನಿಸುವುದಿಲ್ಲ. ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರಾಥಮಿಕ ಚುನಾವಣೆಗಳಲ್ಲಿ ಸಾಮಾನ್ಯ ಮತದಾರರೇ ಅವರನ್ನು ಆರಿಸುತ್ತಾರೆ. ಮುಖ್ಯ ಚುನಾವಣೆ ಎರಡು ಮನೆತನಗಳ ನಡುವಣ ಸ್ಪರ್ಧೆಯಾದರೆ, ಇದು ಒಂದೇ ಮನೆಯ ಅಣ್ಣತಮ್ಮಂದಿರ ನಡುವಣ ಸ್ಪರ್ಧೆ. ಒಂದೇ ಪಕ್ಷದವರಾದ್ದರಿಂದ ಅವರ ಭಾಷಣಗಳಲ್ಲಿ, ಭರವಸೆಗಳಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಅವರನ್ನು ಬೇರೆ ಬೇರೆಯಾಗಿ ನೋಡಲು ಮತದಾರನಿಗೆ ದೊರೆಯುವ ಗಟ್ಟಿಯಾದ ಆಧಾರವೆಂದರೆ ಅವರ ಹಿಂದಿನ ನಡತೆ. ಅದರಲ್ಲೂ ಶಾಸನಸಭೆಯಲ್ಲಿ ಹೆಸರು ಹಿಡಿದು ದಾಖಲಾದ ಮತ.

ಆ ದೇಶದ ಸಂವಿಧಾನ ಯುದ್ಧ ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ ಎಂಬ ಅಲ್ಲಿನ ಶಾಸನಸಭೆಗೆ ಕೊಟ್ಟಿದೆ. 2002ರ ಅಕ್ಟೋಬರ್ ತಿಂಗಳಲ್ಲಿ ಇರಾಕಿನ ಮೇಲೆ ಸೈನ್ಯಬಲ ಪ್ರಯೋಗಿಸಲು ಅಧ್ಯಕ್ಷರಿಗೆ ಅನುಮತಿ ನೀಡುವ ನಿರ್ಣಯ ಬಂದಾಗ ಕೆಳಮನೆಯಲ್ಲಿ 296 ಮಂದಿ ಪರವಾಗಿಯೂ 133 ಮಂದಿ ವಿರುದ್ಧವಾಗಿಯೂ, ಸೆನೆಟ್ಟಿನಲ್ಲಿ 77 ಮಂದಿ ಪರವಾಗಿಯೂ 23 ಮಂದಿ ವಿರುದ್ಧವಾಗಿಯೂ ಮತವಿತ್ತರು. ಒಬ್ಬೊಬ್ಬರ ಹೆಸರೂ ಕಡತದಲ್ಲಿ ಉಳಿಯಿತು. ಜಾನ್ ಕೆರಿ, ಹಿಲರಿ ಕ್ಲಿಂಟನ್, ಜೋ ಬೈಡನ್ ಪರವಾಗಿದ್ದರು. ಆಗ ಕೆಳಮನೆಯಲ್ಲಿದ್ದ ಬರ್ನಿ ಸ್ಯಾಂಡರ್ಸ್ ವಿರುದ್ಧವಾಗಿದ್ದರು. ಯಾವ ಆಯುಧಗಳ ಹೆಸರಿನಲ್ಲಿ ಯುದ್ಧ ಆರಂಭವಾಯಿತೋ ಆ ಆಯುಧಗಳು ಇರಾಕಿನಲ್ಲಿ ಸಿಗಲಿಲ್ಲ. 2008ರ ಪ್ರಾಥಮಿಕ ಚುನಾವಣೆಗಳಲ್ಲಿ ಬರಾಕ್ ಒಬಾಮ ತಾವು ಆ ಯುದ್ಧವನ್ನು ಮೊದಲೇ ವಿರೋಧಿಸಿದ್ದುದನ್ನು ಮತದಾರರ ಮುಂದಿಟ್ಟು ಕ್ಲಿಂಟನ್ನರನ್ನು ಸೋಲಿಸಿದರು. ಆದರೆ 2002ರಲ್ಲಿ ಒಬಾಮ ಸೆನೆಟ್ಟಿನಲ್ಲಿ ಇರಲೇ ಇಲ್ಲ. ಮತ ಹಾಕುವ ಹೊಣೆ ಅವರ ಮೇಲೆ ಬಿದ್ದಿರಲಿಲ್ಲ. ಪರವಾಗಿ ಮತ ಹಾಕಿದ್ದ ಕೆರಿ 2004ರಲ್ಲೂ ಬೈಡನ್ 2020ರಲ್ಲೂ ಅದೇ ಪಕ್ಷದ ಅಭ್ಯರ್ಥಿಗಳಾದರು. ಒಂದೇ ಮತ ಒಬ್ಬರಿಗೆ ಮುಳುವಾಯಿತು, ಇನ್ನೊಬ್ಬರಿಗೆ ಆಗಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮತದಾರನ ತೀರ್ಪಿಗೂ ಇತಿಹಾಸದ ತೀರ್ಪಿಗೂ ಎಷ್ಟು ಅಂತರವಿರಬಲ್ಲದೆಂಬುದು ತಿಳಿಯುತ್ತದೆ. ಅಮೆರಿಕದ ಕೆಳಮನೆಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರ್‍ಯಾಂಕಿನ್ 1917ರಲ್ಲಿ ಯುದ್ಧದ ವಿರುದ್ಧ ಮತವಿತ್ತ 50 ಮಂದಿಯಲ್ಲಿ ಒಬ್ಬರಾಗಿದ್ದರು. ಮರುವರ್ಷ ಸೆನೆಟ್ಟಿಗೆ ಹೋಗಬಯಸಿ ತಮ್ಮ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತರು. 1964ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ತೆರೆದ ನಿರ್ಣಯವನ್ನು ಸೆನೆಟ್ಟಿನಲ್ಲಿ ವಿರೋಧಿಸಿದವರು ಇಬ್ಬರೇ, ವೇನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. 1968ರ ಹೊತ್ತಿಗೆ ದೇಶದ ದೊಡ್ಡ ಭಾಗ ಅವರ ಮಾತಿನ ಕಡೆಗೆ ವಾಲಿತ್ತು. ಆದರೂ ಅದೇ ವರ್ಷ ಇಬ್ಬರೂ ತಮ್ಮ ಸ್ಥಾನ ಕಳೆದುಕೊಂಡರು. ಇತ್ತ 2001ರಲ್ಲಿ 420 ಮಂದಿಯ ಎದುರು ಒಬ್ಬಂಟಿಯಾಗಿ ‘ಬೇಡ’ ಎಂದ ಬಾರ್ಬರಾ ಲೀ ಅವರನ್ನು ಅವರ ಕ್ಷೇತ್ರದ ಜನ ಮರುವರ್ಷವೂ ಕೈಬಿಡಲಿಲ್ಲ.

ಹಾಗಾದರೆ ಮತವನ್ನು ಅಳೆಯುವುದು ಹೇಗೆ? ಗೆದ್ದ ಯುದ್ಧಕ್ಕೆ ‘ಹೌದು’ ಎಂದವನು ಜಾಣ, ಸೋತ ಯುದ್ಧಕ್ಕೆ ‘ಹೌದು’ ಎಂದವನು ಮೂಢ ಎಂದುಬಿಟ್ಟರೆ, ಮಳೆ ಬಂದ ಮೇಲೆ ಬಿತ್ತಿದವನ ವಿವೇಕವನ್ನು ಹೊಗಳಿದಂತಾಗುತ್ತದೆ. ನೋಡಬೇಕಾದದ್ದು, ಕೈ ಎತ್ತುವ ಮುನ್ನ ಆತ ಏನನ್ನು ತಿಳಿದಿದ್ದ, ತಿಳಿಯಲು ಎಷ್ಟು ಪ್ರಯತ್ನಪಟ್ಟ ಎಂಬುದನ್ನು. 2002ರಲ್ಲಿ ಸೆನೆಟ್ ಸದಸ್ಯರಿಗಾಗಿ ಸುಮಾರು 90 ಪುಟಗಳ ಗುಪ್ತ ವರದಿಯೊಂದನ್ನು ಬಂದೋಬಸ್ತಿನ ಕೋಣೆಯಲ್ಲಿ ಇಡಲಾಗಿತ್ತು. ಅದನ್ನು ಪೂರ್ತಿ ಓದಿದ ಸದಸ್ಯರು ಬೆರಳೆಣಿಕೆಯವರೆಂದು ಅನಂತರ ಪತ್ರಿಕೆಗಳು ವರದಿ ಮಾಡಿದವು. ಓದಿದವರಲ್ಲಿ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಬಾಬ್ ಗ್ರಹಾಂ ಒಬ್ಬರು. ಅವರು ವಿರುದ್ಧವಾಗಿ ಮತವಿತ್ತರು. ‘ಹೌದು’, ‘ಇಲ್ಲ’ಗಳಿಗಿಂತಲೂ ಮಿಗಿಲಾದ ಪ್ರಶ್ನೆ ಇದು: ಸಾವಿರಾರು ಮಂದಿಯ ಪ್ರಾಣ ಪಣಕ್ಕಿರುವಾಗ ಓದಬೇಕಾದದ್ದನ್ನು ಓದಿದಿರಾ, ಕೇಳಬೇಕಾದದ್ದನ್ನು ಕೇಳಿದಿರಾ?

ಇನ್ನು ನಮ್ಮ ಮನೆಯ ಕಡೆಗೆ ಬರೋಣ. ನಮ್ಮ ಸಂವಿಧಾನದಲ್ಲಿ ಯುದ್ಧ ಮತ್ತು ಶಾಂತಿ ಕೇಂದ್ರಪಟ್ಟಿಗೆ ಸೇರಿದ ವಿಷಯ. ರಕ್ಷಣಾ ಪಡೆಗಳ ಪರಮಾಧಿಪತ್ಯ 53ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳದು. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಯುದ್ಧಕ್ಕೆ ಮುನ್ನ ಸಂಸತ್ತಿನ ಮತ ಪಡೆಯಲೇಬೇಕೆಂಬ ವಿಧಿ ಇಲ್ಲ. ಯುದ್ಧದ ಕಾರಣದಿಂದ 352ನೆಯ ಅನುಚ್ಛೇದದಂತೆ ತುರ್ತು ಪರಿಸ್ಥಿತಿ ಘೋಷಿಸಿದರೆ ಅದಕ್ಕೆ ಉಭಯ ಸದನಗಳ ಒಪ್ಪಿಗೆ ಬೇಕು; ಯುದ್ಧದ ಖರ್ಚಿಗೆ ಹಣ ಮಂಜೂರು ಮಾಡುವುದು ಲೋಕಸಭೆ. ಎಂದರೆ ನಮ್ಮ ಪ್ರತಿನಿಧಿಯ ಕೈ ಯುದ್ಧದ ಬಾಗಿಲನ್ನು ತೆರೆಯುವುದಿಲ್ಲ; ಬಾಗಿಲು ತೆರೆದ ಮೇಲೆ ಒಳಗಿನ ವೆಚ್ಚಕ್ಕೆ ಸಹಿ ಹಾಕುತ್ತದೆ.

ನಡೆದ ಸಂಗತಿಗಳು ಇದನ್ನೇ ಹೇಳುತ್ತವೆ. ಚೀನದ ಆಕ್ರಮಣವಾದಾಗ 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 8ರಿಂದ ಲೋಕಸಭೆಯಲ್ಲಿ ಹಲವು ದಿನಗಳ ಚರ್ಚೆ ನಡೆದು, ನೂರಕ್ಕೂ ಹೆಚ್ಚು ಸದಸ್ಯರು ಮಾತನಾಡಿದರು. 14ರಂದು ಸದಸ್ಯರೆಲ್ಲ ಎದ್ದು ನಿಂತು ನಿರ್ಣಯವನ್ನು ಅಂಗೀಕರಿಸಿದರು. ಬಾಂಗ್ಲಾ ಬಿಕ್ಕಟ್ಟಿನ ಬಗೆಗೆ 1971ರ ಮಾರ್ಚ್ 31ರಂದು ಆದ ನಿರ್ಣಯವೂ ಸರ್ವಾನುಮತದ್ದೇ. 1999ರ ಸಂಗತಿ ಇನ್ನೂ ವಿಲಕ್ಷಣವಾದದ್ದು. ಆ ವರ್ಷದ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಒಂದೇ ಮತದಿಂದ ಬಿದ್ದು, ಅದೇ ತಿಂಗಳು ಲೋಕಸಭೆ ವಿಸರ್ಜನೆಯಾಯಿತು. ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್ ಯುದ್ಧ ನಡೆದಾಗ ದೇಶಕ್ಕೆ ಲೋಕಸಭೆಯೇ ಇರಲಿಲ್ಲ. ಆ ಶರತ್ಕಾಲದಲ್ಲಿ ಕೊಪ್ಪಳದ ಮತದಾರ ತನ್ನ ಹಿಂದಿನ ಪ್ರತಿನಿಧಿಯನ್ನು ಯುದ್ಧದ ಮತದಿಂದ ಅಳೆಯಹೊರಟಿದ್ದರೆ, ಅಳೆಯಲು ಏನೂ ಇರಲಿಲ್ಲ.

ಇರಾಕ್ ಯುದ್ಧದ ವಿಷಯದಲ್ಲೇ ಎರಡು ಪ್ರಜಾಪ್ರಭುತ್ವಗಳನ್ನು ಹೋಲಿಸಿ ನೋಡಬಹುದು. ಅಲ್ಲಿ ಹೆಸರು ಹೆಸರಾಗಿ ಮತ ದಾಖಲಾಯಿತು. ಇಲ್ಲಿ 2003ರ ಏಪ್ರಿಲ್ 8ರಂದು ನಮ್ಮ ಲೋಕಸಭೆ ಆ ಯುದ್ಧದ ವಿರುದ್ಧ ಸರ್ವಾನುಮತದ ನಿರ್ಣಯ ಮಾಡಿತು. ಹಿಂದಿ ಪಾಠದಲ್ಲಿ ‘ನಿಂದಾ’ ಎಂಬ ಶಬ್ದವಿತ್ತು. ಇಂಗ್ಲಿಷ್ ಪಾಠದಲ್ಲಿ ಅದಕ್ಕಿಂತ ಮೆತ್ತಗಿನ, ವಿಷಾದಕ್ಕೆ ಹತ್ತಿರವಾದ ಶಬ್ದ ಕುಳಿತಿತು. ಆಗ ಕೊಪ್ಪಳದ ಸದಸ್ಯರು ಎಚ್. ಜಿ. ರಾಮುಲು ಅವರು. ಸರ್ವಾನುಮತದಲ್ಲಿ ಎಲ್ಲರ ಮತವೂ ಇರುತ್ತದೆ. ಯಾರೊಬ್ಬರ ಮತವೂ ಎದ್ದು ಕಾಣುವುದಿಲ್ಲ. ಇರಾಕಿಗೆ ನಮ್ಮ ಸೈನ್ಯವನ್ನು ಕಳಿಸಬೇಕೇ ಬೇಡವೇ ಎಂಬ ನಿಜವಾದ ನಿರ್ಧಾರ ಆ ವರ್ಷದ ಜುಲೈ 14ರಂದು ಮಂತ್ರಿಮಂಡಲದ ಭದ್ರತಾ ಸಮಿತಿಯಲ್ಲಾಯಿತು. ಕಳಿಸುವುದಿಲ್ಲವೆಂದು ತೀರ್ಮಾನಿಸಿದರು, ಒಳ್ಳೆಯದಾಯಿತೆಂದೇ ನನ್ನ ಭಾವನೆ. ಆದರೆ ಆ ಮೇಜಿನ ಸುತ್ತ ಕುಳಿತ ಕೆಲವರನ್ನು ಬಿಟ್ಟರೆ ನಾವು ಆರಿಸಿ ಕಳಿಸಿದ ಯಾರನ್ನೂ ಅದಕ್ಕಾಗಿ ಹೊಗಳುವಂತಿಲ್ಲ, ತೆಗಳುವಂತಿಲ್ಲ.

ಇಲ್ಲಿಂದ ಒಂದು ಸಾಮಾನ್ಯ ತತ್ತ್ವವನ್ನು ಹೇಳಬಹುದೆಂದು ತೋರುತ್ತದೆ. ಒಬ್ಬ ಪ್ರತಿನಿಧಿಯನ್ನು ಅವನ ಹಿಂದಿನ ಮತದಿಂದ ಅಳೆಯಬೇಕಾದರೆ ಆ ಮತಕ್ಕೆ ಮೂರು ಗುಣಗಳಿರಬೇಕು. ಅದು ದಾಖಲಾಗಿರಬೇಕು, ಅದು ಸ್ವತಂತ್ರವಾಗಿರಬೇಕು, ಅದರ ಹಿಂದೆ ಹೇಳಿದ ಕಾರಣವಿರಬೇಕು.

ದಾಖಲೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಲೋಕಸಭೆಯಲ್ಲಿ ಬಹುಪಾಲು ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ. ಹೌದೆನ್ನುವವರು ಹೌದೆನ್ನುತ್ತಾರೆ, ಅಲ್ಲವೆನ್ನುವವರು ಅಲ್ಲವೆನ್ನುತ್ತಾರೆ, ಸಭಾಧ್ಯಕ್ಷರು ಯಾವ ಧ್ವನಿ ದೊಡ್ಡದೆಂದು ಸಾರುತ್ತಾರೆ. ಅದನ್ನು ಒಪ್ಪದ ಸದಸ್ಯ ಮತವಿಭಜನೆ ಬೇಕೆಂದು ಒತ್ತಾಯಿಸಿದರೆ ಮಾತ್ರ ಹೆಸರುಗಳು ಕಡತಕ್ಕೆ ಏರುತ್ತವೆ. ರಕ್ಷಣಾ ಇಲಾಖೆಯ ಬೇಡಿಕೆಗಳು ಚರ್ಚೆಯೇ ಇಲ್ಲದೆ, ಉಳಿದ ಬೇಡಿಕೆಗಳೊಡನೆ ಒಟ್ಟಿಗೆ ಅಂಗೀಕಾರವಾದ ವರ್ಷಗಳು ಹಲವು.

ದಾಖಲೆ ಇದ್ದರೆ ಸಾಲದು, ಅದು ಬೇಕಾದವರ ಕಣ್ಣಿಗೆ ಬೀಳಬೇಕು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಕಳಿಂಗ ಯುದ್ಧದ ಸಾವುನೋವುಗಳಿಗಾಗಿ ಆ ದೊರೆ ಪಶ್ಚಾತ್ತಾಪಪಟ್ಟದ್ದು ಅವನ ಹದಿಮೂರನೆಯ ಬಂಡೆಶಾಸನದಲ್ಲಿದೆ. ಆ ಶಾಸನ ದೂರದ ವಾಯವ್ಯದ ಗಡಿಯಲ್ಲಿ ಸಿಕ್ಕಿದೆ. ಆದರೆ ಕಳಿಂಗದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಅದನ್ನು ಕೆತ್ತಿಸಿಲ್ಲ. ಆಳುವವರ ದಾಖಲೆ ನೊಂದವರ ಊರಿಗೆ ತಾನಾಗಿ ಬರುವುದು ಅಪರೂಪ. ಅದನ್ನು ಹುಡುಕಿ ತರಿಸಬೇಕಾಗುತ್ತದೆ.

ಎರಡನೆಯದು ಸ್ವಾತಂತ್ರ್ಯ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ವಿಶ್ವಾಸಮತ, ಪಕ್ಷದ ಮೂಲ ಕಾರ್ಯಕ್ರಮಗಳಂಥ ಸಂದರ್ಭಗಳಿಗೆ ಮಾತ್ರ ಇಂಥ ನಿರ್ಬಂಧ ಸೀಮಿತವಾಗಿರಬೇಕೆಂಬ ಆಶಯವನ್ನು ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ವ್ಯಕ್ತಪಡಿಸಿತಾದರೂ ಪಕ್ಷಗಳ ರೂಢಿ ಬದಲಾಗಲಿಲ್ಲ. ಅಮೆರಿಕದೊಡನೆ ಪರಮಾಣು ಒಪ್ಪಂದದ ಪ್ರಶ್ನೆಯ ಮೇಲೆ 2008ರ ಜುಲೈ 22ರಂದು ವಿಶ್ವಾಸಮತ ನಡೆದಾಗ ಸರಕಾರ 275 ಮತಗಳಿಂದ ಉಳಿಯಿತು; ವಿರುದ್ಧ 256 ಬಿದ್ದವು. ಬೆಂಗಳೂರು ಉತ್ತರದಿಂದ ಭಾರತೀಯ ಜನತಾ ಪಕ್ಷದ ಸದಸ್ಯರಾಗಿದ್ದ ಎಚ್. ಟಿ. ಸಾಂಗ್ಲಿಯಾನ ಅವರು ತಮ್ಮ ಪಕ್ಷದ ಆದೇಶ ಮೀರಿ ಸರಕಾರದ ಪರವಾಗಿ ಮತವಿತ್ತರು. ಪಕ್ಷ ಅವರನ್ನು ಉಚ್ಚಾಟಿಸಿತು. 2009ರಲ್ಲಿ ಬೆಂಗಳೂರು ಕೇಂದ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಸೋತರು. ಅವರ ಮತ ಸರಿಯೋ ತಪ್ಪೋ ಎಂಬ ವಾದವನ್ನು ಬದಿಗಿಡೋಣ. ಅದು ದಾಖಲಾದ ಮತವಾಗಿತ್ತು. ಅದರ ಬೆಲೆಯನ್ನು ಅವರು ತೆತ್ತರು. ವಿಪ್ಪಿನ ನೆರಳಿನಲ್ಲಿ ಕೈ ಎತ್ತಿದ ಉಳಿದವರ ಮತದಿಂದ ಅವರ ಅಂತರಂಗವನ್ನು ಓದುವುದು ಸಾಧ್ಯವಿಲ್ಲ.

ಮೂರನೆಯದು ಕಾರಣ. ಇದೊಂದನ್ನು ಯಾವ ವಿಪ್ಪೂ ಪೂರ್ತಿ ಕಸಿಯಲಾರದು. ಸದಸ್ಯ ಚರ್ಚೆಯಲ್ಲಿ ಮಾತನಾಡಬಹುದು, ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಮಂತ್ರಿಯಿಂದ ಸದನದಲ್ಲೇ ಉತ್ತರ ಪಡೆಯಬಹುದು, ಚುಕ್ಕೆರಹಿತ ಪ್ರಶ್ನೆಯಿಂದ ಲಿಖಿತ ಉತ್ತರ ತರಿಸಬಹುದು. ಮತ ಕಾಣದ ಕಡೆ ಈ ಮಾತು ಮತ್ತು ಪ್ರಶ್ನೆಗಳೇ ನಮಗೆ ದಾಖಲೆ. ಮೌನವೂ ಒಂದು ದಾಖಲೆಯೇ.

ನಮ್ಮ ಸೀಮೆಗೆ ಇಂಥ ಅಳತೆ ಹೊಸದೇನಲ್ಲ. ನಿಜಾಮನ ಆಳ್ವಿಕೆಯಲ್ಲಿದ್ದ ಈ ನಾಡಿನ ಮೇಲೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಡೆದುಬಂದು 17ರಂದು ಹೈದರಾಬಾದು ಶರಣಾಯಿತು. ಆ ನಿರ್ಧಾರದಲ್ಲಿ ಕೊಪ್ಪಳದವರ ಮತ ಇರಲಿಲ್ಲ. ದಿಲ್ಲಿಯಲ್ಲಿ ನಮ್ಮ ಪ್ರತಿನಿಧಿಯೇ ಇರಲಿಲ್ಲ. ಆದರೆ ಅದಕ್ಕೂ ಮೊದಲೇ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಕಟ್ಟಿ ರಜಾಕಾರರನ್ನು ಎದುರಿಸಿದವರಿದ್ದರು. ಆ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. 1952ರ ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಜನ ಅವರನ್ನು ಪಕ್ಷೇತರರಾಗಿಯೇ ಲೋಕಸಭೆಗೆ ಕಳಿಸಿದರು. ಅವರ ಹಿಂದೆ ಶಾಸನಸಭೆಯ ಮತದ ದಾಖಲೆ ಇರಲಿಲ್ಲ; ಸಂಘರ್ಷದ ದಿನಗಳಲ್ಲಿ ನಡೆದುಕೊಂಡ ರೀತಿಯ ದಾಖಲೆ ಇತ್ತು. ಅದೇ ಸ್ವಾಮಿಗಳು 1957ರಲ್ಲಿ ಸ್ಥಾನ ಉಳಿಸಿಕೊಳ್ಳಲಿಲ್ಲ. 1962ರಲ್ಲಿ ಕೊಪ್ಪಳದಿಂದ ಮತ್ತೆ ಗೆದ್ದರು. ಹೀಗಾಗಿ ಚೀನ ಯುದ್ಧದ ಲೋಕಸಭೆಯಲ್ಲಿ ನಮ್ಮ ಪ್ರತಿನಿಧಿ, ಹೋರಾಟದ ಬೆಲೆಯನ್ನು ಸ್ವತಃ ಬಲ್ಲವರಾಗಿದ್ದರು. ಹಳೆಯ ಹೋರಾಟಗಾರನಿಗೂ ಜನ ಶಾಶ್ವತ ಸನ್ನದು ಕೊಡಲಿಲ್ಲವೆಂಬುದನ್ನು ಗಮನಿಸಬೇಕು.

ಎಲ್ಲ ಸಲವೂ ಹಿಂದಿನ ಮತವೇ ಮುಂದಿನ ಫಲವನ್ನು ನಿರ್ಣಯಿಸುತ್ತದೆಂದಲ್ಲ. 1975ರ ತುರ್ತು ಪರಿಸ್ಥಿತಿಗೆ ಲೋಕಸಭೆ 336ಕ್ಕೆ 59 ಮತಗಳಿಂದ ಒಪ್ಪಿಗೆ ಕೊಟ್ಟಿತು. 1977ರಲ್ಲಿ ಉತ್ತರ ಭಾರತ ಅದಕ್ಕೆ ಕಾಂಗ್ರೆಸ್ಸನ್ನು ದಂಡಿಸಿದರೆ, ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಆ ಪಕ್ಷಕ್ಕೇ ಕೊಟ್ಟಿತು. ಕೊಪ್ಪಳವೂ ಅದರಲ್ಲಿ ಸೇರಿತ್ತು. ಇನ್ನೊಂದು ಕಡೆ, ಕೊಪ್ಪಳ ಲೋಕಸಭಾ ಕ್ಷೇತ್ರದೊಳಗಿನ ಮಸ್ಕಿಯನ್ನು ನೋಡಿ. 2019ರಲ್ಲಿ ರಾಜೀನಾಮೆ ಕೊಟ್ಟು ಸರಕಾರ ಬೀಳಲು ಕಾರಣರಾಗಿ ಅನರ್ಹಗೊಂಡ 17 ಶಾಸಕರಲ್ಲಿ ಅಲ್ಲಿನ ಪ್ರತಾಪಗೌಡ ಪಾಟೀಲರೂ ಒಬ್ಬರು. ಆ ವರ್ಷದ ಡಿಸೆಂಬರಿನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ ಪಕ್ಷ ಬದಲಿಸಿದ ಹೆಚ್ಚಿನವರು ಗೆದ್ದರು. ಆದರೆ 2021ರಲ್ಲಿ ಮಸ್ಕಿಯ ಜನ ತಮ್ಮ ಹಳೆಯ ಶಾಸಕರನ್ನು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಬೆಂಗಳೂರಿನ ಸದನದೊಳಗಿನ ನಡತೆಯ ಲೆಕ್ಕವನ್ನು ಮಸ್ಕಿಯ ಮತಗಟ್ಟೆಯಲ್ಲಿ ಕೇಳಬಹುದೆಂಬುದಕ್ಕೆ ಇದು ಸಾಕ್ಷಿ.

ಪ್ರಾಥಮಿಕ ಚುನಾವಣೆಯೂ ನಮಗೆ ಪೂರ್ತಿ ಅಪರಿಚಿತವಲ್ಲ. 2014ರಲ್ಲಿ ಕಾಂಗ್ರೆಸ್ ಪಕ್ಷ ದೇಶದ ಕೆಲವು ಕ್ಷೇತ್ರಗಳಲ್ಲಿ ಅದನ್ನು ಪ್ರಯೋಗಿಸಿ ನೋಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರದಿಂದ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಿಂದ ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾದರು. ಆದರೆ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೇ ಹೊರತು ಸಾಮಾನ್ಯ ಮತದಾರರಲ್ಲ. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು, ಪ್ರಯೋಗ ಬೇರೂರಲಿಲ್ಲ. ಬಿ ಫಾರಂ ಯಾರ ಕೈಗೆ ಸಿಗಬೇಕೆಂಬುದು ಬೆಂಗಳೂರು, ದಿಲ್ಲಿಗಳಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಯಲಬುರ್ಗಾದ ಮತದಾರನಿಗೆ ಅಭ್ಯರ್ಥಿಯನ್ನು ಪರೀಕ್ಷಿಸುವ ಅವಕಾಶ ಒಂದೇ ಒಂದು: ಆತ ಮತ ಕೇಳಲು ಬಂದ ದಿನ.

ದೂರದ ಯುದ್ಧ ನಮಗೇಕೆ ಎನ್ನುವವರಿದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕೀವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮರುದಿನ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯದ ವಿರುದ್ಧದ ನಿರ್ಣಯಕ್ಕೆ 141 ದೇಶಗಳು ಮತವಿತ್ತವು. ಭಾರತವೂ ಸೇರಿ 35 ದೇಶಗಳು ತಟಸ್ಥವಾಗುಳಿದವು. ಆ ನಿಲುವಿಗೆ ಕಾರಣಗಳಿದ್ದವು. ಅದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಅದು ದೇಶದ ಹೆಸರಿನಲ್ಲಿ, ಎಂದರೆ ನಮ್ಮೆಲ್ಲರ ಹೆಸರಿನಲ್ಲಿ ಹಾಕಿದ ಮತ. ಅದರ ಬಗೆಗೆ ನಮ್ಮ ಪ್ರತಿನಿಧಿ ಏನು ತಿಳಿದುಕೊಂಡರು, ಏನು ಕೇಳಿದರು ಎಂಬುದನ್ನು ವಿಚಾರಿಸುವ ಹಕ್ಕು ನಮಗಿದೆ.

ಯುದ್ಧ ಬೇಕೆಂದವರೆಲ್ಲ ಕ್ರೂರಿಗಳಲ್ಲ, ಬೇಡವೆಂದವರೆಲ್ಲ ಹೇಡಿಗಳಲ್ಲ. ದೇಶ ಕಾಯಲು ಆಯುಧ ಹಿಡಿಯಲೇಬೇಕಾದ ಗಳಿಗೆಗಳಿರುತ್ತವೆ. ಅದಕ್ಕಾಗಿಯೇ ಹೇಳುತ್ತೇನೆ: ಮುಂದಿನ ಸಲ ಅಭ್ಯರ್ಥಿ ಕುಷ್ಟಗಿಯ ಕಟ್ಟೆಗೋ ಗಂಗಾವತಿಯ ಸಂತೆಗೋ ಬಂದಾಗ, ಕಾಲುವೆಯ ನೀರಿನ ಪ್ರಶ್ನೆಯ ಜೊತೆಗೆ ಇದನ್ನೂ ಕೇಳೋಣ. ಹಿಂದೆ ಸದನದಲ್ಲಿದ್ದವರಾದರೆ, ರಕ್ಷಣೆಯ ಚರ್ಚೆಯಲ್ಲಿ ನೀವು ಆಡಿದ ಮಾತು ಯಾವುದು, ಕೇಳಿದ ಪ್ರಶ್ನೆ ಯಾವುದು? ಹೊಸಬರಾದರೆ, ಅಂಥ ದಿನ ಬಂದಾಗ ಕೈಯೆತ್ತುವ ಮುನ್ನ ಯಾವ ಕಾಗದವನ್ನು ತರಿಸಿ ಓದುವಿರಿ? ಉತ್ತರ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಉತ್ತರ ಕೊಡಬೇಕಾದೀತೆಂಬ ಎಚ್ಚರ ಅವರಲ್ಲಿ ಮೂಡಿದರೆ ಸಾಕು. ಗಡಿಗೆ ಹೋಗುವ ಸಿಪಾಯಿ ನಮ್ಮ ಊರುಗಳ ಮನೆಗಳಿಂದಲೇ ಹೋಗುತ್ತಾನೆ. ಅವನನ್ನು ಕಳಿಸುವವರು ಓದಿ, ಕೇಳಿ, ಯೋಚಿಸಿ ಕಳಿಸಿದರೆಂಬ ಭರವಸೆಯನ್ನಾದರೂ ನಾವು ಅವನ ಮನೆಯವರಿಗೆ ಕೊಡಬೇಕಾಗಿದೆ.